ಗಾಜಿನ ಮೇಲಿನ ಚುಕ್ಕಿ

…ಇಲ್ಲ, ಕೂರಲ್ಲ. ಕಾಫಿ ಆಮೇಲೆ. ಮೊದಲು ಆ ಬಾಗಿಲು ಹಾಕು ರೊಜಿಲ್ಡಾ, ಪಕ್ಕದ ಮನೆಯವರ ಫುಟ್‌ಬಾಲ್ ರೇಡಿಯೋ ನನ್ನ ತಲೆ ಒಳಗೇ ಕೂತು ಕೂಗ್ತಿದೆ… ಹೂಂ. ಈಗ ಪರವಾಗಿಲ್ಲ. ಏನು ಕೇಳ್ದೆ? ಚೀಲದಲ್ಲಾ? ಚೀಲದಲ್ಲಿ ಮೈಕ್ರೋಸ್ಕೋಪು. ಹೌದು, ಫ್ಯಾಕ್ಟರಿದೇ, ನನ್ನ ಮೇಜಿಂದೇ ಎತ್ಕೊಂಡು ಬಂದೆ. ಹಾಗೆ ಕಣ್ಣು ಬಿಡಬೇಡ. ಕದ್ದದ್ದೇನಲ್ಲ. ಕಾವಲಿನ ಬೆನೆಡಿಟೊಗೆ ಹೇಳೇ ತಂದಿದೀನಿ. ನಾಳೆ ಬೆಳಗ್ಗೆ ಯಾರೂ ಬರೋ ಮುಂಚೆ ಅದರ ಜಾಗದಲ್ಲಿ ಅದು ಇರುತ್ತೆ.

ನೀನು ಒಲೆ ಕಡೆ ನೋಡು, ಬನ್ನು ಸೀದೀತು. ಚೀಸ್ ಜಾಸ್ತಿ ಹಾಕಿದೀಯ ಅಲ್ವಾ, ಬೀದಿ ತುದಿಗೇ ವಾಸನೆ ಬರ್ತಿತ್ತು. ನಾನು ಹೀಗೇ ಓಡಾಡ್ಕೊಂಡು ಮಾತಾಡ್ತೀನಿ. ಕೂತ್ರೆ ಇವತ್ತು ಮಾತೇ ಹೊರಡಲ್ಲ ನನಗೆ. ಬೆಳಗ್ಗೆ ಚರ್ಚ್ ಪೂಜೆಯಲ್ಲೂ ಕೂರಕ್ಕಾಗಲಿಲ್ಲ, ಪ್ರಸಂಗ ಮುಗಿಯೋ ಮುಂಚೆ ಎದ್ದು ಬಂದ್ಬಿಟ್ಟೆ, ಫಾದರ್ ನೋಡೇ ನೋಡಿರ್ತಾರೆ.

ತಾಯ್ನಾ ಎಲ್ಲಿ? ವಾಲಿಬಾಲ್‌ಗೆ ಹೋದ್ಲಾ… ಏನು? ಚರ್ಚ್ ಬಾಗಿಲಲ್ಲಿ ನನಗೆ ಕೈ ಬೀಸಿದ್ಲಾ? ನಾನು ನೋಡಿಯೂ ತಿರುಗಿ ಹೋದ್ನಂತಾ? ಅಯ್ಯೋ ಇಲ್ಲ ಕಣೆ. ಬಿಸಿಲು ಮುಖಕ್ಕೇ ಹೊಡೀತಿತ್ತು, ಕಾಣ್ಲಿಲ್ಲ. ಕೋಪ ಮಾಡ್ಕೋಬೇಡ ಅಂತ ಹೇಳು ನಿನ್ನ ಮಗಳಿಗೆ. ಜ್ಞಾನಸ್ನಾನದ ದಿನ ಅವಳನ್ನ ಎತ್ಕೊಂಡು ನಿಂತವಳು ನಾನು, ಕಂಡೂ ಕಾಣದ ಹಾಗೆ ಹೋಗ್ತೀನಾ?

ಸರಿ. ವಿಷಯಕ್ಕೆ ಬರ್ತೀನಿ. ಶುಕ್ರವಾರ ಸಂಜೆ ಎವಾಂದ್ರೊ ಯಜಮಾನರು ನನ್ನ ಒಳಗೆ ಕರೆದ್ರು. ‘ಅಲ್ಜೀರಾ, ನದಿಯ ಮಾಲು, ಆ ಕೇಬಲ್ ಕನೆಕ್ಟರುಗಳು, ಮತ್ತೆ ವಾಪಸ್ ಮಾಡಿದೀಯಂತೆ’ ಅಂದ್ರು. ಹೌದು ಯಜಮಾನರೇ ಅಂದೆ. ‘ಇಡೀ ಟ್ರೇನಾ?’ ಇಡೀ ಟ್ರೇ. ‘ಯಾರು ಪಾಲಿಶ್ ಮಾಡಿದ್ದು, ರೊಜಿಲ್ಡಾನೇನಾ?’ ನದಿಯ ಮಾಲೆಲ್ಲ ಅವಳೇ ಮಾಡೋದಲ್ವಾ ಅಂದೆ. ಅವರು ಟೇಬಲ್ ಮೇಲೆ ಪೆನ್ನು ಬಡಿತಾ ಕೂತ್ರು. ಗೊತ್ತಲ್ಲ ಅವರ ಅಭ್ಯಾಸ, ಕೋಪ ಬಂದ್ರೆ ಕೂಗಲ್ಲ, ಪೆನ್ನು ಬಡೀತಾರೆ. ಆಮೇಲೆ ಅಂದ್ರು, ‘ಹಡಗು ಬೆಲೆಂ ಬಂದರು ಬಿಡೋಷ್ಟರಲ್ಲಿ ಪೆಟ್ಟಿಗೆ ಅಲ್ಲಿರಬೇಕು. ಸೋಮವಾರದಿಂದ ಅವಳನ್ನ ಪಾಲಿಶ್ ಮೇಜಿಂದ ಎಬ್ಬಿಸ್ತೀನಿ. ಪ್ಯಾಕಿಂಗ್‌ನಲ್ಲಿ ಕೂರ್ಲಿ. ಅಲ್ಲೂ ಜಾಗ ಇಲ್ಲ ಅಂದ್ರೆ… ನೋಡೋಣ.’

ನೋಡೋಣ ಅಂದ್ರೆ ಏನು ಅಂತ ನಿನಗೂ ಗೊತ್ತು, ನನಗೂ ಗೊತ್ತು.

ಯಾಕೆ ಕೈ ಒರೆಸ್ತಾನೇ ಇದೀಯ? ಆಗಲೇ ಒಣಗಿದೆ ಕೈ. ಬಿಡು ಆ ಬಟ್ಟೇನ.

ನಾನು ನಿನ್ನ ಪರವಾಗೇ ಮಾತಾಡ್ದೆ. ಏನೇನೋ ಹೇಳ್ದೆ. ಒಳ್ಳೆ ಕೈ ಅದು, ಊರಲ್ಲಿ ಇಷ್ಟು ಫ್ಯಾಕ್ಟರಿಗಳಿವೆ, ಯಾವುದರಲ್ಲೂ ಇಂಥ ಕೈ ಇಲ್ಲ ಅಂದೆ. ಅವರು ಕೇಳ್ಬೇಕಲ್ಲ. ಅದಕ್ಕೇ ಬಂದೆ ನಾನು. ನನ್ನ ಮಾತು ಕೇಳು. ನಾಳೆ ಅವರು ಕರೆಯೋ ಮುಂಚೆ ನೀನೇ ಒಳಗೆ ಹೋಗು. ಮಣಿಕಟ್ಟು ನೋಯ್ತಿದೆ, ಸ್ವಲ್ಪ ದಿನ ಪ್ಯಾಕಿಂಗ್‌ಗೆ ಹಾಕಿ ಅಂತ ನೀನಾಗೇ ಕೇಳು. ನೀನಾಗಿ ಕೇಳಿದ್ರೆ ಅದು ಬೇರೆ, ಅವರಾಗಿ ಎಬ್ಬಿಸಿದ್ರೆ ಅದು ಬೇರೆ. ನಾಲ್ಕು ಜನರ ಮುಂದೆ ಮರ್ಯಾದೆ ಇರುತ್ತೆ. ಸ್ವಲ್ಪ ದಿನ ಕಣೆ. ಆಮೇಲೆ ನಾನೇ ಹೇಳಿ ಮತ್ತೆ…

ಏನಂದೆ?

ನಿನ್ನ ಕೈಯಲ್ಲಿ ತಪ್ಪಿಲ್ಲ. ಹೂಂ. ಎಲ್ಲರೂ ಹಾಗೇ ಅಂತಾರೆ. ನಿನ್ನನ್ನ ದೂರೋಕೆ ಬಂದಿಲ್ಲ ನಾನು, ವಿಷಯ ಅರ್ಥ ಮಾಡಿಸೋಕೆ ಬಂದೆ. ನೀನು ಪಾಲಿಶ್ ಮಾಡ್ತೀಯ, ಟ್ರೇ ಕಳಿಸ್ತೀಯ, ನಿನ್ನ ಕೆಲಸ ಮುಗೀತು. ಆ ಕಡೆ ಗಿರಾಕಿ ಏನು ಕೇಳಿದಾನೆ, ಹಾಳೆಯಲ್ಲಿ ಏನು ಬರೆದಿದೆ ಅನ್ನೋದು ನೋಡೋಳು ನಾನು. ತಾಳು, ಹಾಳೆ ತಂದಿದೀನಿ… ಎಲ್ಲಿ ಇಟ್ಟೆ… ಇದು. ತಗೋ, ನೀನು ಹಿಡ್ಕೊ. ನನಗೆ ಬಾಯಿಪಾಠ. ಕನ್ನಡಕ ಬೇರೆ ತಂದಿಲ್ಲ.

ಮೇಲಿನ ಸಾಲು ನೋಡು. ಲಾಸ್ ಅಂತ ಇದೆಯಾ? ಈ ಕಡೆಯಿಂದ ಗಾಜಿನ ಎಳೆಯಲ್ಲಿ ಬೆಳಕು ಬರುತ್ತೆ. ನಿನ್ನ ಕನೆಕ್ಟರ್ ಹತ್ರ ಒಂದು ಎಳೆಯ ತುದಿ ಇನ್ನೊಂದು ಎಳೆಯ ತುದಿಗೆ ಮುತ್ತು ಕೊಟ್ಟ ಹಾಗೆ ಕೂರುತ್ತೆ, ಬೆಳಕು ಆ ಕಡೆಗೆ ದಾಟುತ್ತೆ. ದಾಟೋವಾಗ ಎಷ್ಟು ಸೋರಿಹೋಯ್ತು, ಅದು ಲಾಸ್. ಈ ಅಂಕಿ ಚಿಕ್ಕದಿದ್ದಷ್ಟೂ ಒಳ್ಳೇದು. ಅದರ ಮುಂದೆ ಎರಡು ಕಾಲಂ ಇದೆ ನೋಡು. ಒಂದು ‘ಸಾಮಾನ್ಯ’, ಇನ್ನೊಂದು ‘ಗರಿಷ್ಠ’. ಮಾರೋಕೆ ಬರೋ ಹುಡುಗ್ರು ಯಾವಾಗಲೂ ಮೊದಲನೇ ಕಾಲಂ ಮೇಲೆ ಬೆರಳಿಟ್ಟು ತೋರಿಸ್ತಾರೆ. ನಾನು ನೋಡೋದು ಎರಡನೇದು. ಯಾಕೆ ಗೊತ್ತಾ? ನಮ್ಮ ಓಸ್ಮಾರ್ ಬದುಕಿದ್ದಾಗ ನನ್ನ ಅತ್ತೆ ಕೇಳೋರು, ಗಂಡ ಎಷ್ಟು ಹೊತ್ತಿಗೆ ಮನೆಗೆ ಬರ್ತಾನೆ ಅಂತ. ಸಾಮಾನ್ಯವಾಗಿ ದೀಪ ಹಚ್ಚೋ ಹೊತ್ತಿಗೆ ಬರ್ತಾರೆ ಅತ್ತೆ ಅಂತಿದ್ದೆ. ಸುಳ್ಳೇನಲ್ಲ. ಸಾಮಾನ್ಯವಾಗಿ ಬರ್ತಿದ್ರು. ಆದ್ರೆ ಎಷ್ಟೇ ತಡ ಆದ್ರೂ ಇಷ್ಟರೊಳಗೆ ಬಂದೇ ಬರ್ತಾರೆ ಅಂತ ಒಂದು ಮಾತು ಕೊಡು ಅಂದಿದ್ರೆ… ಯಾಕೆ ನಗ್ತೀಯ? ನಗು, ನಗು. ನೀನೂ ನೋಡಿದ್ದೀಯಲ್ಲ, ಒಂದು ಸಲ ಬೆಳಗಿನ ಹಾಲಿನ ಗಾಡಿಯಲ್ಲಿ ಬಂದಿದ್ರು. ಅದಕ್ಕೇ ಹೇಳೋದು, ‘ಸಾಮಾನ್ಯ’ ಅನ್ನೋದು ಆಸೆ. ‘ಗರಿಷ್ಠ’ ಅನ್ನೋದೇ ಮಾತು ಕೊಟ್ಟಿದ್ದು.

ಕೆಳಗಿನ ಸಾಲು ಇನ್ನೊಂದು. ಅದು ವಾಪಸ್ ಬರೋ ಬೆಳಕಿಂದು. ಕಿಟಕಿ ಗಾಜಿಗೆ ಟಾರ್ಚ್ ಬಿಟ್ರೆ ಸ್ವಲ್ಪ ನಿನ್ನ ಮುಖಕ್ಕೇ ವಾಪಸ್ ಹೊಡೆಯುತ್ತಲ್ಲ, ಹಾಗೆ. ಅದು ಹಿಂದಕ್ಕೆ ಹೋಗಿ ಬೆಳಕು ಕಳಿಸೋ ಯಂತ್ರಕ್ಕೇ ಬಡಿಯುತ್ತೆ, ಆ ಕಡೆ ಕೇಳೋರಿಗೆ ಎಲ್ಲ ಕಲಸುಮೇಲೋಗರ. ಇಲ್ಲಿ ಉಲ್ಟಾ ಕಣೆ, ಈ ಅಂಕಿ ದೊಡ್ಡದಿದ್ದಷ್ಟೂ ಒಳ್ಳೇದು. ಬೆಳಕು ಎಷ್ಟು ಕಮ್ಮಿ ವಾಪಸ್ ಬರುತ್ತೋ ಅಂಕಿ ಅಷ್ಟು ದೊಡ್ಡದು. ಹೊಸದಾಗಿ ಸೇರಿದೋರು ಇದನ್ನೇ ತಿರುಗಾಮುರುಗಾ ಓದೋದು. ಐವತ್ತಕ್ಕೆ ಕಮ್ಮಿ ಆಗಬಾರ್ದು ಅಂತ ಇದೆಯಲ್ವಾ?… ಐವತ್ತೈದಾ? ಐವತ್ತೈದು ಅಂತಿದೆಯಾ? ಹೊಸ ಹಾಳೆ ಇರಬೇಕು. ಹೋದ ಸಲದ್ದು ಐವತ್ತು. ಸರಿ ಬಿಡು. ಇರ್ಲಿ.

ಅದೇನು ಹಾಗೆ ನೋಡ್ತೀಯ. ಎಲ್ಲ ಹಾಳೆನೂ ನೆನಪಿಟ್ಕೊಳ್ಳೋಕೆ ನಾನೇನು ಕಂಪ್ಯೂಟರಾ?

ಈ ಎರಡು ಅಂಕಿ ಮೀಟರು ಹೇಳುತ್ತೆ. ಮೂರನೇದು ಮೀಟರು ಹೇಳೋದಲ್ಲ, ಕಣ್ಣು ಹೇಳೋದು. ಗಾಜಿನ ತುದಿ, ಅದರ ನಟ್ಟನಡುವೆ ಬೆಳಕು ಓಡೋ ಜಾಗ, ಕೂದಲೆಳೆಗಿಂತ ಎಷ್ಟೋ ಸಣ್ಣ. ಆ ನಡುವೆ ಗೀರು ಇರಬಾರ್ದು, ಚುಕ್ಕಿ ಇರಬಾರ್ದು, ಏನೂ ಇರಬಾರ್ದು. ಸುತ್ತ ಒಂದೆರಡು ಇದ್ರೆ ನಡೆಯುತ್ತೆ, ನಡುವೆ ಮಾತ್ರ ಒಂದೂ ಇಲ್ಲ. ಇದ್ರೆ ವಾಪಸ್. ಅದರಲ್ಲಿ ಮಾತೇ ಇಲ್ಲ. ನಿನ್ನ ಟ್ರೇನಲ್ಲಿ… ನಡುವೇ ಇದೆ ರೊಜಿಲ್ಡಾ. ಪ್ರತಿಯೊಂದರಲ್ಲೂ.

ಬನ್ನು ತೆಗಿ, ಬನ್ನು ತೆಗಿ. ನಾನು ಹೇಳಿದ್ನಲ್ಲ.

ಬೇಡ, ತಿನ್ನಲ್ಲ. 

ನಾನು ಹಟ ಮಾಡ್ತೀನಿ ಅಂತ ಫ್ಯಾಕ್ಟರಿ ಊಟದ ಮನೆಯಲ್ಲಿ ಮಾತಾಡ್ಕೋತಾರೆ. ಗೊತ್ತು ನನಗೆ. ಅಲ್ಜೀರಾಗೆ ವಯಸ್ಸಾಯ್ತು, ಧೂಳು ಕಂಡ್ರೆ ದೆವ್ವ ಕಂಡ ಹಾಗೆ ಆಡ್ತಾಳೆ ಅಂತ. ನೀನು ಸೇರೋ ಮುಂಚಿನ ಮಾತು ಹೇಳ್ತೀನಿ ಕೇಳು. ಆಗಲೂ ನದಿಯ ಮಾಲೇ. ನದಿ ತಳದಲ್ಲಿ ಕೇಬಲ್ ಹಾಕ್ಕೊಂಡು ಹೋಗಿ, ದಡದ ಊರುಗಳಿಗೆ ಒಂದೊಂದು ಪೆಟ್ಟಿಗೆ ಇಡ್ತಾರೆ. ರಸ್ತೆ ಇಲ್ಲ, ದೋಣಿಯೇ ಗತಿ. ಒಂದು ಊರಿನ ಆಸ್ಪತ್ರೆಗೆ ನಮ್ಮ ಪೆಟ್ಟಿಗೆ ಹೋಯ್ತು. ಹಚ್ಚಿದ ದಿನ ಚೆನ್ನಾಗಿತ್ತು, ಮೇಯರು ಬಂದು ರಿಬ್ಬನ್ ಕತ್ತರಿಸಿದ್ರು, ಫೋಟೋ ಕಳಿಸಿದ್ರು. ಸೆಖೆ ಶುರುವಾಯ್ತು, ಲೈನು ಬಂದ್ರೆ ಬಂತು, ಹೋದ್ರೆ ಹೋಯ್ತು. ಅಲ್ಲಿನ ಡಾಕ್ಟರಮ್ಮ ಒಂದು ಹೆರಿಗೆ ಮಾಡಿಸ್ತಿದ್ರಂತೆ, ಮಗು ಅಡ್ಡ ತಿರುಗಿದೆ, ಸಂತಾರೆಂನಲ್ಲಿರೋ ದೊಡ್ಡ ಡಾಕ್ಟರು ಪರದೆಯಲ್ಲಿ ನೋಡಿ ಹೀಗೆ ಮಾಡು, ಹಾಗೆ ಮಾಡು ಅಂತ ಹೇಳ್ತಿದ್ರು. ಮಧ್ಯದಲ್ಲಿ ಪರದೆ ಕಪ್ಪಾಯ್ತು.

ಬದುಕಿದ್ರು, ಬದುಕಿದ್ರು. ತಾಯಿ ಮಗು ಇಬ್ರೂ. ಆ ಡಾಕ್ಟರಮ್ಮ ಗಟ್ಟಿಗಿತ್ತಿ, ತನಗೆ ತೋಚಿದ ಹಾಗೆ ಮಾಡಿ ಗೆದ್ದಳು. ಆದ್ರೆ ಆಮೇಲೆ ಫ್ಯಾಕ್ಟರಿಗೆ ಫೋನ್ ಮಾಡಿದ್ಲು ನೋಡು… ನಾನೇ ಎತ್ತಿದ್ದೆ ಫೋನು. ಬೈಯಲಿಲ್ಲ. ‘ನೀವು ಈ ಡಬ್ಬಿ ಮಾಡಿದವರಾ?’ ಅಂದ್ಲು. ಹೌದು ಅಂದೆ. ‘ಆ ಹೊತ್ತಲ್ಲಿ ನಾನು ಒಬ್ಬಳೇ ಇದ್ದೆ’ ಅಂದ್ಲು. ಅಷ್ಟೇ. ಫೋನ್ ಇಟ್ಲು. ರಿಪೇರಿಯವನು ದೋಣಿಯಲ್ಲಿ ಹೋಗಿ ಬಿಚ್ಚಿ ನೋಡಿದ್ರೆ, ಕನೆಕ್ಟರ್ ತುದಿಯ ನಡುವೆ ಒಂದು ಧೂಳು. ಕಣ್ಣಿಗೆ ಕಾಣದ ಧೂಳು. ಆಗೆಲ್ಲ ಕನೆಕ್ಟರ್‌ಗಳನ್ನ ಮೀಟರು ಮಾತ್ರ ನೋಡಿ ಕಳಿಸ್ತಿದ್ರು. ಆಮೇಲೇ ನನ್ನನ್ನ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದ್ದು. ಅವತ್ತಿಂದ ಇವತ್ತಿನವರೆಗೆ ನಾನು ನೋಡಿದ ಒಂದೇ ಒಂದು ಪೆಟ್ಟಿಗೆ ವಾಪಸ್ ಬಂದಿಲ್ಲ. ಒಂದೂ ಇಲ್ಲ. ಉಳಿದ ಮಾಲಿಗೆ ಈಗ ಯಂತ್ರ ಬಂದಿದೆ, ತಾನೇ ಫೋಟೋ ತೆಗೆದು ತಾನೇ ಹೇಳುತ್ತೆ. ನದಿಯ ಮಾಲಿನ ದಪ್ಪ ಕವಚ ಅದರ ಬಾಯಿಗೆ ಹಿಡಿಸಲ್ಲ, ಅದಕ್ಕೇ ಇದೊಂದು ನನ್ನ ಕಣ್ಣಿಗೆ ಉಳಿದಿದೆ. ಇದೊಂದೇ ಉಳಿದಿರೋದು.

ಏನು? ಮೀಟರಾ?

ಮೀಟರ್ ಏನು ಹೇಳ್ತು ಅಂತಾ… ಹೇಳ್ದೆನಲ್ಲ, ಮೀಟರ್ ಒಂದೇ ಸಾಲದು.

ಅಲ್ಲ, ಸರಿಯಾಗಿದೆ. ಮೀಟರ್‌ನಲ್ಲಿ ಸರಿಯಾಗೇ ಇದೆ, ನಾನೇನು ಇಲ್ಲ ಅಂದ್ನಾ? ಲಾಸ್ ಕಮ್ಮಿ ಇದೆ. ಗರಿಷ್ಠ ಬಿಡು, ಸಾಮಾನ್ಯಕ್ಕಿಂತಲೂ ಕಮ್ಮಿ.

ಎಲ್ಲದರಲ್ಲೂ. ಹೂಂ.

ವಾಪಸ್ ಬರೋ ಬೆಳಕು… ಅದೂ ಚೆನ್ನಾಗಿದೆ. ಅರವತ್ತರ ಹತ್ರ ಹತ್ರ. ಯಾಕೆ ಇಷ್ಟು ಕೊರೀತೀಯ? ನಡುವೆ ಅಷ್ಟು ದೊಡ್ಡ ಚುಕ್ಕಿ ಇದ್ರೆ ಅಂಕಿ ಕೆಡಬೇಕಲ್ಲ ಅಂತೀಯಾ… ಕೆಡಬೇಕು. ಸಾಮಾನ್ಯವಾಗಿ ಕೆಡುತ್ತೆ. ಬೆಳಕು ದಾಟೋ ಜಾಗದಲ್ಲೇ ಕೂತಿದ್ರೆ ಒಂದು ಅಂಕಿಯಾದ್ರೂ ಕೆಡಬೇಕು. ಆದ್ರೆ… ಒಂದೊಂದು ಸಲ… ನೋಡು, ಹಾಳೆ ಓದೋಕೆ ಈಗ ತಾನೇ ಕಲಿಸ್ದೆ, ಈಗಲೇ ನನಗೇ ಪ್ರಶ್ನೆ ಹಾಕ್ತೀಯ. ಬೇಕಾಗಿತ್ತು ನನಗೆ.

ಸರಿ. ಮಾತು ಬೇಡ. ನೀನೇ ನೋಡು. ಅದಕ್ಕೇ ತಂದಿದ್ದು ಇದನ್ನ. ಮೇಜು ಖಾಲಿ ಮಾಡು. ಆ ಸೀಬೆಹಣ್ಣಿನ ಹಲ್ವದ ತಟ್ಟೆ ಆ ಕಡೆ ಇಡು… ಅಯ್ಯೋ. ಬಿತ್ತಾ? ಲೋಟ ಅಲ್ಲಿತ್ತಾ? ನೋಡ್ಲಿಲ್ಲ ಕಣೆ. ಸುಡ್ಲಿಲ್ಲ, ಸುಡ್ಲಿಲ್ಲ. ಕಾಫಿ ಬೇಡ ಅಂದ್ರೂ ಇಟ್ಟಿದೀಯಲ್ಲ ನೀನು. ಒರೆಸು. ಮೈಕ್ರೋಸ್ಕೋಪಿಗೆ ತಾಗಿಲ್ಲ ತಾನೇ?

ಈ ಕನೆಕ್ಟರ್ ನಿನ್ನ ಟ್ರೇದು. ಮುಚ್ಚಳ ನಾನೇ ತೆಗೀತೀನಿ, ನಿನ್ನ ಕೈಯಲ್ಲಿ ಬೆಣ್ಣೆ ಇದೆ. ಹೀಗೆ ಒರೆಸಿ… ಹೀಗೆ ಇಟ್ಟೆ. ದೀಪ ಹತ್ತಿತಾ? ನಾನು ಮೊದಲು ನೋಡ್ತೀನಿ. ಹೂಂ… ಹೂಂ. ಇದೆ. ಇಲ್ಲೇ ಇದೆ. ನಡುವೆ, ಸ್ವಲ್ಪ ಎಡಕ್ಕೆ, ಬೂದು ಬಣ್ಣ, ಅಂಚು ಸ್ವಲ್ಪ ಕರಗಿದ ಹಾಗೆ. ಬಾ, ನೋಡು.

ಕಾಣಿಸ್ತಾ?

ಸರಿಯಾಗಿ ನೋಡು. ಪಕ್ಕದ ತಿರುಪು ತಿರುಗಿಸ್ಕೋ, ನಿನ್ನ ಕಣ್ಣಿಗೆ ಹೊಂದಿಸ್ಕೋ. ಈಗ? ಎಡಕ್ಕೆ ಕಣೆ, ಸ್ವಲ್ಪ ಎಡಕ್ಕೆ… ಏನೂ ಇಲ್ವಾ? ಏನೂ ಇಲ್ಲ ಅಂದ್ರೆ ಹೇಗೆ? ಆ ಕಡೆ ಸರಿ, ನಾನು ನೋಡ್ತೀನಿ. ಇದೆಯಲ್ಲ. ನನ್ನ ಕಣ್ಣ ಮುಂದೇ ಇದೆಯಲ್ಲ. ನೀನು ಬೇಕೂಂತ ಇಲ್ಲ ಅಂತೀಯ. ಬೇಡ, ಹಾಗೆ ಅನ್ನಲ್ಲ. ಆದ್ರೆ ಇದೆ.

ತಡಿ. ಇದಕ್ಕೊಂದು ಪರೀಕ್ಷೆ ಇದೆ. ಹೊಸಬರಿಗೆ ನಾನು ಹೇಳಿಕೊಡೋ ಮೊದಲನೇ ಪಾಠ ಇದು. ಚುಕ್ಕಿ ಕಂಡ್ರೆ ಕನೆಕ್ಟರ್ ಮೇಲಿದೆಯೋ ಮೈಕ್ರೋಸ್ಕೋಪಿನ ಗಾಜಿನ ಮೇಲಿದೆಯೋ ಹೇಗೆ ತಿಳ್ಕೊಳ್ಳೋದು? ಕನೆಕ್ಟರನ್ನ ಅಲ್ಲೇ ಮೆಲ್ಲಗೆ ತಿರುಗಿಸಬೇಕು. ಚುಕ್ಕಿ ಜೊತೆಗೆ ತಿರುಗಿದ್ರೆ ಕನೆಕ್ಟರ್‌ದು. ತಿರುಗದೆ ಇದ್ದಲ್ಲೇ ಇದ್ರೆ ಮೈಕ್ರೋಸ್ಕೋಪಿಂದು. ನೀನು ತಿರುಗಿಸು, ನಾನು ನೋಡ್ತೀನಿ. ಎಡಕ್ಕಿರೋದು ಬಲಕ್ಕೆ ಬರಬೇಕು ಈಗ. ಮೆಲ್ಲಗೆ. ಹೂಂ, ತಿರುಗಿಸು.

ತಿರುಗಿಸು ಅಂದೆ.

ತಿರುಗಿಸ್ತಿದೀಯಾ?

ಪೂರ್ತಿ ಒಂದು ಸುತ್ತು ಆಯ್ತಾ?

…ಮೈಕ್ರೋಸ್ಕೋಪಿಂದೇ ಇರಬೇಕು ಹಾಗಾದ್ರೆ. ಇದು ಹಳೇದು ಕಣೆ, ಮಸೂರಕ್ಕೆ ಏನೋ ಅಂಟಿದೆ. ನೋಡಿದ್ಯಾ, ಅದಕ್ಕೇ ಒಂದೇ ಜಾಗದಲ್ಲಿ ಎಲ್ಲದರಲ್ಲೂ… ಎಷ್ಟು ದಡ್ಡಿ ನಾನು. ಚೀಲದಲ್ಲಿ ಸ್ಪಿರಿಟ್ ಇದೆ, ಒರೆಸೋ ಕಾಗದ ಇದೆ, ಕೊಡು. ಮೊದಲು ಕೆಳಗಿನ ಗಾಜು. ಆಮೇಲೆ ಕಣ್ಣಿಡೋ ಗಾಜು. ಒಣಗಲಿ. ಹೂಂ. ಈಗ ನೋಡೋಣ.

…

ಇನ್ನೊಂದು ಸಲ ಒರೆಸ್ತೀನಿ.

…

ನೀನು ನೋಡು. ನೀನು ನೋಡಿ ಹೇಳು, ಮಸೂರದ ಮೇಲೆ ಏನಾದ್ರೂ ಇದೆಯಾ? ಕಿಟಕಿ ಬೆಳಕಿಗೆ ಹಿಡಿ. ಸ್ವಚ್ಛ ಇದೆಯಾ? ಪೂರ್ತಿ ಸ್ವಚ್ಛಾನಾ? ಮತ್ತೆ ಇಟ್ಟು ನೋಡು, ಒಳಗೆ ಏನಾದ್ರೂ… ಇಲ್ವಾ.

ಇಲ್ಲ ಅಂತೀಯ.

ಬೇರೆ ಕನೆಕ್ಟರ್ ಹಾಕಿ ನೋಡೋಣ್ವಾ? ಬೇಡ್ವಾ?

ಯಾಕೆ ಕೂತ್ಕೊಂಡ್ಬಿಟ್ಟೆ?



ನೋಡು, ಈ ಹಳೇ ಸಾಮಾನುಗಳೆಲ್ಲ ಹಾಗೇ, ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಥರ ಕಾಣುತ್ತೆ. ತಿರುಪು ಸರಿಯಾಗಿ ಕೂರಲ್ಲ. ದೀಪ ಬೇರೆ ಮಂಕು. ನಾನು ಎಷ್ಟು ಸಲ ಹೇಳಿದೀನಿ ಯಜಮಾನರಿಗೆ, ಹೊಸದು ತರಿಸಿ ಅಂತ… ಹಾಗೆ ನೋಡಬೇಡ ನನ್ನ. ಬೈಯಿ ಬೇಕಾದ್ರೆ. ಆ ತಟ್ಟೆ ಎತ್ತಿ ಬಿಸಾಕು. ಹೀಗೆ ಸುಮ್ಮನೆ ಕೂತು ನನ್ನ ಮುಖಾನೇ ನೋಡಬೇಡ.

…

ಬಲಗಣ್ಣು.

ಬಲಗಣ್ಣು ಕಣೆ. ಅದೇ ಮೈಕ್ರೋಸ್ಕೋಪಿಗೆ ಇಡೋ ಕಣ್ಣು. ಯಾವಾಗ ಶುರುವಾಯ್ತೋ ಗೊತ್ತಿಲ್ಲ. ಜೂನ್ ಹಬ್ಬದಲ್ಲಿ ಬಣ್ಣದ ಕಾಗದದ ತೋರಣ ಕಟ್ಟಿದ್ರಲ್ಲ ಚೌಕದಲ್ಲಿ, ದಾರ ನೆಟ್ಟಗೆ ಕಟ್ಟಿಲ್ಲ, ನಡುವೆ ಸೊಟ್ಟ ಆಗಿದೆ ಅಂತ ಆ ಹುಡುಗ್ರಿಗೆ ಬೈದೆ. ಅವರು ನಕ್ರು. ನೆಟ್ಟಗೇ ಇದೆ ಆಂಟಿ ಅಂದ್ರು. ಅವತ್ತು ಮನೆಗೆ ಬಂದು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ… ಬಾಗಿಲ ಚೌಕಟ್ಟು ಬಾಗ್ತಿತ್ತು. ನಡುವೆ ಬೂದಿ ಬೊಟ್ಟಿಟ್ಟ ಹಾಗೆ. ಎಡಗಣ್ಣಲ್ಲಿ ಏನೂ ಇಲ್ಲ. ನಮ್ಮ ದೊಡ್ಡಮ್ಮನಿಗೂ ಹೀಗೇ ಶುರುವಾಗಿದ್ದು. ಕೊನೆಗೆ ಯಾರಾದ್ರೂ ಬಂದ್ರೆ ಧ್ವನಿ ಕೇಳೋವರೆಗೂ ತಲೆ ಎತ್ತುತ್ತಿರ್ಲಿಲ್ಲ ಅವರು. ಡಾಕ್ಟರ ಹತ್ರ ಹೋಗ್ಲಿಲ್ಲ ನಾನು. ಪೋಸೊ ಅಲೆಗ್ರಿಯ ಕಣ್ಣಾಸ್ಪತ್ರೆಗೆ ಅಂತ ಬಸ್ಸು ಹತ್ತಿ, ಅರ್ಧ ದಾರೀಲಿ ಇಳಿದು ವಾಪಸ್ ಬಂದೆ.

ಮೊದಮೊದಲು ನಿಜವಾಗ್ಲೂ ನಿನ್ನ ಕೈಯೇ ಅಂದ್ಕೊಂಡಿದ್ದೆ. ದೇವರಾಣೆ. ಮೊದಲ ಟ್ರೇ ವಾಪಸ್ ಮಾಡಿದಾಗ ಹಾಗೇ ಅಂದ್ಕೊಂಡಿದ್ದೆ. ಆಮೇಲೂ ಸಮಾಧಾನ ಇತ್ತು, ಒಳ್ಳೇದು ವಾಪಸ್ ಹೋಗ್ತಿದೆ ಅಷ್ಟೇ, ಕೆಟ್ಟದ್ದು ಒಂದೂ ದಾಟಿಲ್ಲ ಅಂತ. ಒಳ್ಳೇದು ವಾಪಸ್ ಹೋದ್ರೆ ಯಾರಿಗೇನು ನಷ್ಟ ಅಂತ… ನಿನ್ನ ಲೆಕ್ಕವೇ ಹಿಡೀಲಿಲ್ಲ ನಾನು.

ಶುಕ್ರವಾರ ಗೊತ್ತಾಯ್ತು. ಎಲ್ಲ ಊಟಕ್ಕೆ ಹೋಗಿದ್ರು. ನಿನ್ನ ಟ್ರೇನ ಮತ್ತೆ ಮೀಟರಿಗೆ ಹಾಕಿದೆ, ಒಂದೊಂದೇ. ಅಂಕಿಗಳೆಲ್ಲ ಅಷ್ಟು ಚೆನ್ನಾಗಿದ್ವು. ಇಂಥ ಅಂಕಿ ನಾನು ಈ ಫ್ಯಾಕ್ಟರೀಲಿ ನೋಡಿಲ್ಲ ಕಣೆ. ಆಮೇಲೆ ಎಡಗಣ್ಣಿಟ್ಟೆ. ಅಭ್ಯಾಸ ಇಲ್ಲ, ನೀರು ಬಂತು, ಆದ್ರೂ ಇಟ್ಟೆ. ಏನೂ ಇರ್ಲಿಲ್ಲ. ಕೆರೆ ನೀರಿನ ಹಾಗೆ, ಒಂದು ಅಲೆ ಇಲ್ಲ. ಎಷ್ಟು ಚೆನ್ನಾಗಿ ಮಾಡಿದ್ದೆ ನೀನು.

ಸಂಜೆ ಯಜಮಾನರು ಕರೆದಾಗ ನನಗೆ ಗೊತ್ತಿತ್ತು, ರೊಜಿಲ್ಡಾ. ಗೊತ್ತಿದ್ದೇ ಒಳಗೆ ಹೋದೆ. ನಿನ್ನ ಪರವಾಗಿ ಮಾತಾಡ್ದೆ ಅಂದ್ನಲ್ಲ ಆಗಲೇ… ಒಳ್ಳೆ ಕೈ, ಇಂಥ ಕೈ ಊರಲ್ಲಿಲ್ಲ ಅಂತ… ಅದೆಲ್ಲ ಇಲ್ಲಿಗೆ ನಡ್ಕೊಂಡು ಬರ್ತಾ ದಾರೀಲಿ ಅಂದ್ಕೊಂಡಿದ್ದು. ಅವರು ಕೇಳಿದ್ದು ಒಂದೇ. ‘ಪಾಲಿಶ್‌ಗೆ ಉಜ್ಜೋ ಹಾಳೆ ಕೆಟ್ಟಿದೆಯಾ, ಕೈ ಕೆಟ್ಟಿದೆಯಾ?’ ಅಂತ. ಹಾಳೆ ಹೊಸದು ಅಂದೆ. ‘ಹಾಗಾದ್ರೆ ಕೈ’ ಅಂದ್ರು. ನಾನು ಸುಮ್ಮನಿದ್ದೆ.

ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಇಲ್ಲ ಅಂದಿದ್ರೆ ಮತ್ತೇನು ಅಂತ ಕೇಳ್ತಿದ್ರು. ಕಣ್ಣು ಅಂದ ಕೂಡಲೇ ಎದ್ದು ಕುರ್ಚಿ ಬಿಡಬೇಕು. ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ನಾನು? ಓಸ್ಮಾರ್ ಇಲ್ಲ, ಮನೇಲಿ ಒಂದು ಗಿಳಿ. ಅಲ್ಜೀರಾ ನೋಡಿದ್ಲು ಅಂದ್ರೆ ಸಾಕು, ಪೆಟ್ಟಿಗೆ ಮುಚ್ಚಿ ಅಂತಿದ್ರು ಎಲ್ಲರೂ. ಆ ಒಂದು ಮಾತಿನ ಮೇಲೆ ಬದುಕಿದೀನಿ ಕಣೆ ಇಷ್ಟು ವರ್ಷ.

ಅದಕ್ಕೇ ನಿನ್ನ ಬಾಯಲ್ಲೇ ಹೇಳಿಸೋಣ ಅಂತ ಬಂದೆ. ಮಣಿಕಟ್ಟು ನೋವು ಅಂತ. ನಿನ್ನ ಮೇಲಿನ ಪ್ರೀತಿಗೆ ಬಂದೆ ಅಂತ ದಾರಿಯುದ್ದಕ್ಕೂ ನನಗೇ ಹೇಳ್ಕೊಂಡೆ. ಮೈಕ್ರೋಸ್ಕೋಪು ಯಾಕೆ ತಂದ್ನೋ, ಅದಂತೂ ನನಗೆ ಗೊತ್ತಿಲ್ಲ. ತರದೇ ಇದ್ದಿದ್ರೆ ನೀನು ಬಹುಶಃ ಒಪ್ಕೋತಿದ್ದೆ. ಮಗಳ ಜ್ಞಾನತಾಯಿ ಹೇಳಿದ್ಲು ಅಂತ ಒಪ್ಕೋತಿದ್ದೆ. ಅಲ್ವಾ?



…ಫೋನ್ ಯಾಕೆ ತಗೊಂಡೆ? ಯಾರಿಗೆ? ಬೇಡ. ಬೇಡ ಅಂದೆ, ನೀನು ಮಾತಾಡಬೇಡ. ನೀನು ಹೇಳಿದ್ರೆ ಕೆಲಸ ಉಳಿಸ್ಕೊಳ್ಳೋಕೆ ದೂರ್ತಿದಾಳೆ ಅಂತಾರೆ. ಕೊಡು ಇಲ್ಲಿ.

ನನಗೇ ಕೊಡ್ತಿದ್ದೀಯಾ? ನನಗೆ ಕೊಡೋಕೇ ತಗೊಂಡ್ಯಾ?

ಹೆಸರು ಕೂಡ್ತಿಲ್ಲ ಕಣೆ, ಅಕ್ಷರ ಎಲ್ಲ ಒಂದರ ಮೇಲೊಂದು ಹತ್ಕೊಂಡಿದೆ. ನೀನೇ ಹುಡುಕಿ ಒತ್ತು. ಹೂಂ, ಎವಾಂದ್ರೊ. ಕಿವಿಗೆ ನಾನೇ ಇಟ್ಕೋತೀನಿ. ಹೋಗ್ತಿದೆ… ನೀನು ಇಲ್ಲೇ ಕೂತಿರು. ಒಳಗೆ ಹೋಗಬೇಡ.

ಹಲೋ, ಯಜಮಾನರೇ. ನಾನು ಅಲ್ಜೀರಾ. ಭಾನುವಾರ, ಗೊತ್ತು, ಕ್ಷಮಿಸಿ. ರೊಜಿಲ್ಡಾ ಮನೆಯಿಂದ ಮಾತಾಡ್ತಿದೀನಿ… ಇಲ್ಲ ಇಲ್ಲ, ಅವಳು ಏನೂ ಬೇಡಿಕೊಂಡಿಲ್ಲ.  ನಾಳೆ ಅವಳನ್ನ ಎಬ್ಬಿಸಬೇಡಿ ಅಂತ ಹೇಳೋಕೆ ಫೋನ್ ಮಾಡಿದೆ. ಆ ಟ್ರೇಗಳನ್ನ ಬೇರೆ ಯಾರಾದ್ರೂ ಒಂದು ಸಲ ನೋಡ್ಲಿ, ನೋಡಿ ಪೆಟ್ಟಿಗೆಗೆ ಹಾಕಲಿ. ಎಲ್ಲ ಚೆನ್ನಾಗಿವೆ… ಹೌದು, ನಾನೇ ವಾಪಸ್ ಮಾಡಿದ್ದು. ಹೌದು, ಚುಕ್ಕಿ ಇದೆ ಅಂದಿದ್ದೂ ನಾನೇ.

ಚುಕ್ಕಿ ಇದೆ ಯಜಮಾನರೇ. ಕನೆಕ್ಟರ್ ಮೇಲಲ್ಲ.